ಸೆಕೆಂಡಿಗೆ 1.02 ಪೆಟಾಬಿಟ್ ಅಂತೆ! ಇದು ಬಂದರೆ ನನ್ನ ಅಂಗಡಿಯಲ್ಲಿ ಪಹಣಿ ಬೇಗ ಸಿಗುತ್ತದಾ?

ಜೆರಾಕ್ಸ್ ಅಂಗಡಿ (ಪ್ರಶ್ನೆ):

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡು ಜೆರಾಕ್ಸಿಂದು, ಹೊಟ್ಟೆ ತುಂಬಿಸುವುದು ಆನ್‌ಲೈನ್ ಅರ್ಜಿ. ಪಹಣಿ, ಜಾತಿ–ಆದಾಯ ಪತ್ರ, ಸ್ಕಾಲರ್‌ಶಿಪ್, ರೈಲು ಟಿಕೆಟ್, ಎಸ್ಸೆಸ್ಸೆಲ್ಸಿ ರಿಸಲ್ಟ್, ಎಲ್ಲವೂ ಇಲ್ಲೇ. 100 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇನೆ. ಮಂಗ, ಮಳೆ, ಜೆಸಿಬಿ ಮೂವರೂ ದಯೆ ತೋರಿದ ದಿನ ಚೆನ್ನಾಗಿಯೇ ಓಡುತ್ತದೆ.

ವಿಷಯ ಏನಪ್ಪಾ ಅಂದರೆ, ಜಪಾನಿನವರು ಸೆಕೆಂಡಿಗೆ 1.02 ಪೆಟಾಬಿಟ್ ಕಳಿಸಿ ದಾಖಲೆ ಮಾಡಿದ ಸುದ್ದಿ. 2025ರಲ್ಲೇ ಎಲ್ಲಾ ಕಡೆ ಬಂದಿತ್ತು. ನಮ್ಮ ಪೇಟೆಯ ವಾಟ್ಸಾಪ್ ಗುಂಪಿಗೆ ಈಗ ಬಂದು ಮುಟ್ಟಿದೆ. ಸುದ್ದಿಗೂ ಟವರ್ ಸಿಗಬೇಕಲ್ಲ. ‘ಒಂದೇ ಸೆಕೆಂಡಿನಲ್ಲಿ ಇಡೀ ನೆಟ್‌ಫ್ಲಿಕ್ಸ್ ಡೌನ್‌ಲೋಡ್!’ ಅಂತ ಕೆಂಪಕ್ಷರ, ಹಿಂದೆ ನೀಲಿ ಮಿಂಚು ಹೊಡೆಯುವ ಭೂಗೋಳ. ಭಾರತದ ಸರಾಸರಿ ಸ್ಪೀಡಿಗಿಂತ 1.6 ಕೋಟಿ ಪಟ್ಟು ಜಾಸ್ತಿ ಅಂತೆ.

ಅವತ್ತಿನಿಂದ ನನಗೆ ನೆಮ್ಮದಿ ಇಲ್ಲ. ಅಂಗಡಿಗೆ ಬಂದವರೆಲ್ಲ ಆ ಫಾರ್ವರ್ಡ್ ತೋರಿಸಿ ನನ್ನನ್ನೇ ವಿಚಾರಿಸುತ್ತಾರೆ, ಜಪಾನಿನ ಬ್ರಾಂಚ್ ಮ್ಯಾನೇಜರ್ ನಾನೇ ಅನ್ನುವ ಹಾಗೆ.

ಅಡಿಕೆ ಸಾಲಕ್ಕೆ ಪಹಣಿ ಬೇಕೆಂದು ಬಂದ ಹಿರಿಯರೊಬ್ಬರು ಬೆಂಚಿನ ಮೇಲೆ ಕೂತು ಪೂರ್ತಿ ಓದಿದರು. ಕನ್ನಡಕ ತೆಗೆದು ಕೇಳಿದರು: ‘ಹಂಗಾರೆ ಇವತ್ತು ಸರ್ವರ್ ಬರ್ತದನಾ?’ ಇಲ್ಲ ಅಂದೆ. ‘ಮತ್ತೆಂತಕ್ಕಾ ಮಾರಾಯ ಅದು?’ ಅಂದು ಎದ್ದು ಹೋದರು. ಇಷ್ಟು ಚುಟುಕಾಗಿ ಯಾವ ಟೆಕ್ ಚಾನೆಲ್ಲಿನವರೂ ವಿಮರ್ಶೆ ಬರೆದದ್ದನ್ನು ನಾನು ನೋಡಿಲ್ಲ.

ಪಿಯುಸಿ ಹುಡುಗನೊಬ್ಬನಿಗೆ ಬೇರೆಯೇ ಚಿಂತೆ. ‘ಅಣ್ಣಾ, ಸೆಕೆಂಡಲ್ಲಿ ಎಲ್ಲಾ ಬಂದು ಬಿದ್ದರೆ ನೋಡೋದು ಯಾವ ಜನ್ಮದಲ್ಲಿ?’ ಪಕ್ಕದ ಹೋಟೆಲಿನವರು ಮಾತ್ರ ಗಾಬರಿ ಬಿದ್ದಿದ್ದಾರೆ. ಯುಪಿಐ ಚಕ್ರ ತಿರುಗುತ್ತಾ ಇರುವಾಗಲೇ ಗಿರಾಕಿಗಳು ಸುಮ್ನೆ ನಿಲ್ಲಲಾರದೆ ಇನ್ನೊಂದು ಬನ್ಸ್ ಹೇಳುವುದಂತೆ. ಚಕ್ರ ತಿರುಗದಿದ್ದರೆ ಬನ್ಸ್ ಖರ್ಚಾಗುವುದಿಲ್ಲ. ನನ್ನ ಹೆಂಡತಿಯ ವಾದವೂ ಅದೇ ಜಾತಿಯದು: ‘ಸೀರಿಯಲ್ ಬಫರ್ ಆಗುವಾಗ ನಾನು ಪಾತ್ರೆ ತೊಳೀತೀನಿ. ಅದೂ ನಿಂತರೆ ತೊಳೆಯೋದು ನೀವಾ?’

ಈಗ ನನ್ನ ಅಂಗಡಿಯ ನಿಜ ಸ್ಥಿತಿ ಹೇಳುತ್ತೇನೆ. ಫೈಬರ್ ಒಳಗೆ ಬಂದಿದೆ, ಸರಿ. ಆದರೆ ಓಟಿಪಿ ಬರುವುದು ಗಿರಾಕಿಯ ಮೊಬೈಲಿಗೆ. ಮೊಬೈಲಿಗೆ ಸಿಗ್ನಲ್ ಸಿಗುವುದು ರಸ್ತೆಯಾಚೆಯ ಹಲಸಿನ ಮರದ ಬುಡದಲ್ಲಿ. ಅಲ್ಲೂ ಎರಡೇ ಕಡ್ಡಿ. ಹಾಗಾಗಿ ನಾನು ಇಲ್ಲಿಂದ ‘ಕಳಿಸಿದೆ!’ ಅಂತ ಕೂಗುತ್ತೇನೆ. ಅವರು ಮರದ ಕೆಳಗೆ ಫೋನ್ ಎತ್ತಿ ಹಿಡಿದು, ಆರತಿ ಬೆಳಗಿದ ಹಾಗೆ ಒಂದು ಸುತ್ತು ತಿರುಗಿಸಿ, ಆರು ಅಂಕಿಗಳನ್ನು ಅಲ್ಲಿಂದಲೇ ಕೂಗುತ್ತಾರೆ. ‘ಓಟಿಪಿ ಯಾರಿಗೂ ಹೇಳಬೇಡಿ’ ಅಂತ ಮೆಸೇಜಿನಲ್ಲೇ ಬರೆದಿರುತ್ತದೆ. ನಮ್ಮ ಪೇಟೆಯಲ್ಲಿ ಅದು ಬಸ್ಸಿಗೆ ಕಾಯುವವರಿಗೂ ಗೊತ್ತಾಗಿರುತ್ತದೆ. ಒಮ್ಮೆ ಒಬ್ಬರು ಕೊನೆಯ ಅಂಕಿ ಹೇಳುವಾಗ ಬಸ್ಸು ಅಡ್ಡ ಬಂದು ನಿಂತಿತು. ಅದು ಹೋಗುವಷ್ಟರಲ್ಲಿ ಓಟಿಪಿ ಸತ್ತಿತ್ತು.

ಹಾಗಾಗಿ ಬಲ್ಲವರಲ್ಲಿ ಕೇಳುತ್ತಿದ್ದೇನೆ. ಈ ದಾಖಲೆ ನಿಜವಾ? ನಿಜವಾದರೆ ನನ್ನಂಥವನಿಗೆ ಇದರಿಂದ ಏನಾದರೂ ಉಂಟಾ? ಮುಖ್ಯವಾಗಿ, ಸರ್ವರ್ ಸುತ್ತುತ್ತಾ ಕೂರುವುದು ಇದರಿಂದ ನಿಲ್ಲುತ್ತದಾ? ಗಿರಾಕಿಗಳಿಗೆ ಹೇಳಲು ಒಂದು ಉತ್ತರ ಬೇಕು. ಚಿಕ್ಕದಾಗಿದ್ದರೆ ಬೋರ್ಡಿಗೂ ಬರೆಸುತ್ತೇನೆ.

ಲೆಕ್ಕದ ಮೇಷ್ಟ್ರು:

ಮೊದಲು ಬಿಟ್ಟು–ಬೈಟು ಬಿಡಿಸೋಣ. ಎಂಟು ಬಿಟ್ ಅಂದರೆ ಒಂದು ಬೈಟ್. 1.02 ಪೆಟಾಬಿಟ್ ಅಂದರೆ 10.2 ಲಕ್ಷ ಗಿಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 1,27,500 ಗಿಗಾಬೈಟ್ (ಜಿಬಿ), ಅಂದರೆ 127.5 ಟೆರಾಬೈಟ್. 1.6 ಕೋಟಿ ಪಟ್ಟು ಅನ್ನುವುದು ಭಾರತದ ಸರಾಸರಿ ಸುಮಾರು 63.5 ಎಂಬಿಪಿಎಸ್ ಅಂತ ಹಿಡಿದು ಮಾಡಿದ ಲೆಕ್ಕ. ಅಷ್ಟು ಹಿಡಿದರೆ ಉತ್ತರ ಸರಿಯಾಗಿಯೇ ಬರುತ್ತದೆ.

ಇನ್ನು ನಮ್ಮ ನಿಮ್ಮ ಲೆಕ್ಕ. ದಿನಕ್ಕೆ 1.5 ಜಿಬಿ ಪ್ಯಾಕ್ ಇದೆಯಲ್ಲ, ಈ ಸ್ಪೀಡಿನಲ್ಲಿ ಅದು ಸುಮಾರು 12 ಮೈಕ್ರೋಸೆಕೆಂಡಿನಲ್ಲಿ ಖಾಲಿ. ‘ನಿಮ್ಮ ದಿನದ ಡೇಟಾ ಶೇ 50 ಮುಗಿದಿದೆ’ ಅನ್ನುವ ಮೆಸೇಜು ಹೊರಡುವ ಮೊದಲೇ ನೂರಕ್ಕೆ ನೂರೂ ಮುಗಿದಿರುತ್ತದೆ. ಮನೆಯ ಫೈಬರ್‌ಗೆ ತಿಂಗಳಿಗೆ 3,300 ಜಿಬಿ ಮಿತಿ ಅಂತ ಇಟ್ಟುಕೊಳ್ಳಿ. ಅದು 26 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಕಣ್ಣು ರೆಪ್ಪೆ ಒಂದು ಸಲ ಮುಚ್ಚಿ ತೆರೆಯಲು ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಅಂದರೆ ಒಂದನೇ ತಾರೀಕು ರೀಚಾರ್ಜ್ ಮಾಡಿ, ರೆಪ್ಪೆ ಬಡಿದು, ಮೂವತ್ತನೇ ತಾರೀಕಿನವರೆಗೆ, ಮಿತಿ ಮುಗಿದವರಿಗೆ ಕೊಡುವ 2 ಎಂಬಿಪಿಎಸ್‌ನಂಥ ನಿಧಾನದ ಸ್ಪೀಡಿನಲ್ಲಿ ಕೂರಬೇಕು.

ಇಳಿಸಿದ್ದನ್ನು ಇಡುವುದೆಲ್ಲಿ ಅನ್ನುವುದು ಇನ್ನೊಂದು ತಾಪತ್ರಯ. 128 ಜಿಬಿ ಫೋನು ಒಂದು ಮಿಲಿಸೆಕೆಂಡಿಗೆ ಭರ್ತಿ. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಸೆಕೆಂಡಿಗೆ 200 ಎಂಬಿ ಬರೆಯುವ ತಾಕತ್ತು ಇದೆ ಅನ್ನೋಣ. ಈ ಲೈನಿನಲ್ಲಿ ಒಂದು ಸೆಕೆಂಡು ಬಂದದ್ದನ್ನು ಬರೆದು ಮುಗಿಸಲು ಅದಕ್ಕೆ ಒಂದು ವಾರದ ಮೇಲೆ ಬೇಕು, ರಾತ್ರಿ ಹಗಲು ಓಡಿದರೂ. ಅಷ್ಟು ಹೊತ್ತು ಕರೆಂಟು ಇದ್ದರೆ.

ಮರೆತಿದ್ದೆ. 1995ರ ಆಗಸ್ಟ್ 15ಕ್ಕೆ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಶುರು ಮಾಡಿದಾಗ ಡಯಲ್ ಅಪ್ ಸ್ಪೀಡು 9.6 ಕೆಬಿಪಿಎಸ್. ಅದಕ್ಕೆ ಹೋಲಿಸಿದರೆ ಇದು ಹತ್ತು ಸಾವಿರ ಕೋಟಿ ಪಟ್ಟು. ಆಗಲೂ ನಾವು ಪುಟ ತೆರೆಯುವವರೆಗೆ ಕಾಯುತ್ತಿದ್ದೆವು, ಈಗಲೂ ಕಾಯುತ್ತಿದ್ದೇವೆ.

ಮೈಸೂರು ಗೇಮರ್:

ನನಗೆ ಪಿಂಗ್ (ಸಿಗ್ನಲ್ ಹೋಗಿ ಬರುವ ಹೊತ್ತು) ಕಡಿಮೆ ಆಗುತ್ತಾ ಹೇಳಿ ಸಾಕು. ಉಳಿದದ್ದು ಬೇಡ.

ಲೆಕ್ಕದ ಮೇಷ್ಟ್ರು:

ಆಗುವುದಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಈ ಪ್ರಯೋಗದ 1,808 ಕಿಲೋಮೀಟರ್ ದಾಟಲು ಅದಕ್ಕೆ 9 ಮಿಲಿಸೆಕೆಂಡ್ ಬೇಕೇ ಬೇಕು. ಒಂದು ಬಿಟ್ ಕಳಿಸಿದರೂ ಅಷ್ಟೇ, ಪೆಟಾಬಿಟ್ ಕಳಿಸಿದರೂ ಅಷ್ಟೇ. ಜಪಾನಿನವರು ಬೆಳಕನ್ನು ಇನ್ನೂ ಜೋರಾಗಿ ಓಡಿಸಿಲ್ಲ. ಒಂದೇ ಹೊತ್ತಿಗೆ ಜಾಸ್ತಿ ಮಾಲು ಕಳಿಸಿದ್ದಾರೆ.

ಮೈಸೂರು ಗೇಮರ್:

ಹಾಗಾದರೆ ನಾನು ಸೋತಾಗ ಬಯ್ಯಲು ನೆಟ್ಟೇ ಇರಲಿ.

ಸ್ಪ್ಲೈಸರ್ ಸಾಗರ:

ಜೆರಾಕ್ಸಣ್ಣ, ನಾನು ಇದೇ ಕೆಲಸದವನು. ಕಂಬ ಹತ್ತಿ ಕೇಬಲ್ ಎಳೆಯುವುದು, ತುಂಡಾದದ್ದನ್ನು ಜೋಡಿಸುವುದು. ಮಳೆಗಾಲದಲ್ಲಿ ನನ್ನನ್ನು ನೆನೆಯದ ಮನೆ ಈ ಸುತ್ತಿನಲ್ಲಿಲ್ಲ. ಎಲ್ಲರೂ ಒಳ್ಳೆಯ ಮಾತಿನಲ್ಲೇ ನೆನೆಯುತ್ತಾರೆ ಅಂತ ಹೇಳಲಾರೆ.

ದಾಖಲೆ ನಿಜ. ಮಾಡಿದ್ದು ಜಪಾನ್ ಸರ್ಕಾರದ ಎನ್‌ಐಸಿಟಿ ಅನ್ನುವ ಸಂಶೋಧನಾ ಸಂಸ್ಥೆ, ಸುಮಿಟೊಮೊ ಎಲೆಕ್ಟ್ರಿಕ್ ಕಂಪನಿ ಮುಂತಾದವರ ಜೊತೆ ಸೇರಿ. 2025ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಎಫ್‌ಸಿ ಅನ್ನುವ ಆಪ್ಟಿಕಲ್ ಫೈಬರ್ ಸಮ್ಮೇಳನದಲ್ಲಿ ಮಂಡಿಸಿದರು. ಫಾರ್ವರ್ಡ್ ಬರೆದವರು ಒಂದು ವಿಷಯ ಬಿಟ್ಟೇಬಿಟ್ಟಿದ್ದಾರೆ. 1.02 ಪೆಟಾಬಿಟ್ ಹೊಸದಲ್ಲ. ಇದೇ ಸಂಸ್ಥೆ 2022ರಲ್ಲೇ ಅಷ್ಟು ಮುಟ್ಟಿತ್ತು, ನಾಲ್ಕು ಕೋರ್‌ನ, ಅಂದರೆ ಬೆಳಕು ಹೋಗಲು ನಾಲ್ಕು ದಾರಿ ಇರುವ ಫೈಬರ್‌ನಲ್ಲಿ, 51.7 ಕಿಲೋಮೀಟರ್. 2023ರಲ್ಲಿ 1.7 ಪೆಟಾಬಿಟ್ ಕೂಡ ಮಾಡಿದ್ದರು, ಅದು 63.5 ಕಿಲೋಮೀಟರ್. ಈ ಸಲದ ಗಮ್ಮತ್ತು ಇರುವುದು ದೂರದಲ್ಲಿ. ಪೆಟಾಬಿಟ್ ಮಾಲನ್ನು 1,808 ಕಿಲೋಮೀಟರ್ ಸಾಗಿಸಿ, ಆ ತುದಿಯಲ್ಲಿ ಕೆಡದ ಹಾಗೆ ಇಳಿಸಿಕೊಂಡದ್ದು. ಹೆಚ್ಚೂಕಡಿಮೆ ಬೆಂಗಳೂರು–ದೆಹಲಿ ವಿಮಾನದ ದೂರ.

ಹಾಗಂತ ಊರಿಂದೂರಿಗೆ ಕೇಬಲ್ ಎಳೆದರು ಅಂದುಕೊಳ್ಳಬೇಡಿ. ಲ್ಯಾಬಿನಲ್ಲಿ 86.1 ಕಿಲೋಮೀಟರ್ ಫೈಬರ್ ಇಟ್ಟು ಬೆಳಕನ್ನು ಅದರಲ್ಲೇ 21 ಸುತ್ತು ಓಡಿಸಿದ್ದು. ಪ್ರತಿ ಸುತ್ತಿಗೂ ಬೆಳಕು ಸೊರಗುತ್ತದೆ, ಆಂಪ್ಲಿಫೈಯರ್ ಇಟ್ಟು ಅದಕ್ಕೆ ಜೀವ ತುಂಬಬೇಕು. ಒಂದೇ ಬಣ್ಣದ ಬೆಳಕೂ ಅಲ್ಲ. ಬೇರೆ ಬೇರೆ 180 ತರಂಗಾಂತರ ಒಟ್ಟಿಗೆ ಕಳಿಸಿದ್ದಾರೆ.

ಆ ಎಳೆ ಹೇಗಿದೆ ನೋಡಿ. ನಾವು ಕೆಲಸ ಮಾಡುವ ಫೈಬರ್‌ನ ಬಣ್ಣದ ಕೋಟಿಂಗ್ ಕೆರೆದರೆ ಒಳಗೆ 0.125 ಮಿಲಿಮೀಟರ್ ದಪ್ಪದ ಗಾಜು ಸಿಗುತ್ತದೆ. ಬೆಳಕು ಹೋಗುವುದು ಅದರ ನಟ್ಟನಡುವಿನ ಒಂದೇ ಕೋರ್‌ನಲ್ಲಿ, ಸುಮಾರು 9 ಮೈಕ್ರಾನ್, ಅಂದರೆ 0.009 ಮಿಲಿಮೀಟರ್. ಜಪಾನಿನವರ ಗಾಜೂ ಅಷ್ಟೇ ದಪ್ಪ, 0.125 ಮಿಲಿಮೀಟರೇ. ಆದರೆ ಒಳಗೆ 19 ಕೋರ್. ಅಡ್ಡ ಕತ್ತರಿಸಿ ನೋಡಿದರೆ ಶ್ಯಾವಿಗೆ ಒರಳಿನ ಬಿಲ್ಲೆ ಇದ್ದ ಹಾಗೆ. ಹೊರಗಿನ ದಪ್ಪ ಬದಲಾಗದೆ ಇರುವುದೇ ಜಾಣತನ. ಈಗಿನ ಮೆಷಿನುಗಳಲ್ಲೇ ಅದರಿಂದ ಕೇಬಲ್ ಕಟ್ಟಬಹುದು.

ಅಷ್ಟು ಹತ್ತಿರ ಕೂರಿಸಿದರೆ ಒಂದು ಕೋರ್‌ನ ಬೆಳಕು ಪಕ್ಕದ ಕೋರ್‌ಗೆ ಸೋರದೆ ಇರುತ್ತದಾ? ಇಲ್ಲ, ಸೋರುತ್ತದೆ. ಇವರು ಅದನ್ನು ತಡೆಯಲು ಹೋಗಿಲ್ಲ. ಪೂರ್ತಿ ಕಲಸಿಹೋಗಲಿ ಅಂತ ಬಿಟ್ಟು, ಆ ತುದಿಯಲ್ಲಿ ಲೆಕ್ಕ ಹಾಕಿ 19 ಸಿಗ್ನಲ್‌ಗಳನ್ನು ಬೇರೆ ಬೇರೆ ಮಾಡಿದ್ದಾರೆ. ಇದನ್ನು ಓದಿದಾಗ ನಾನು ಎದ್ದು ನಿಂತೆ ಮಾರಾಯ್ರೆ. ನಮ್ಮಲ್ಲಿ ಕಲಸಿಹೋದದ್ದು ಕಲಸಿಹೋದ ಹಾಗೇ ಇರುತ್ತದೆ.

ಇನ್ನು ಈ ಎಳೆಯನ್ನು ಜೋಡಿಸುವವನ ಪಾಡು ಯಾರೂ ಬರೆದಿಲ್ಲ, ನಾನೇ ಬರೆಯುತ್ತೇನೆ. ಜೂನ್ ತಿಂಗಳು, ಜಡಿಮಳೆ. ರಸ್ತೆ ಬದಿ ಕೊಡೆ ಕೆಳಗೆ ಕುಕ್ಕರುಗಾಲಲ್ಲಿ ಕೂತಿರುತ್ತೇನೆ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ ಅಂತ ಎಳೆ ಹುಡುಕಿ, ಕೋಟಿಂಗ್ ಸುಲಿದು, ಸ್ಪಿರಿಟ್ ಹಚ್ಚಿ ಒರೆಸಿ, ಕ್ಲೀವರ್‌ನಲ್ಲಿ ಟಕ್ ಅಂತ ಕತ್ತರಿಸಿ, ಮೆಷಿನ್ನಿನ ಎರಡೂ ಬದಿ ಇಡಬೇಕು. ಪುಟ್ಟ ಸ್ಕ್ರೀನಿನಲ್ಲಿ ಎರಡು ತುದಿ ಮುಖಾಮುಖಿ ಬರುತ್ತವೆ, ಒಂದು ಕಿಡಿ, ಕೆಳಗೆ ಬೆಳಕಿನ ನಷ್ಟ 0.02 ಡಿಬಿ ಮಾತ್ರ ಅಂತ ಬರುತ್ತದೆ. ಆಗ ಉಸಿರು ಬಿಡುತ್ತೇನೆ. ಇಷ್ಟರಲ್ಲಿ ಉಂಬಳ (ಜಿಗಣೆ) ನನ್ನ ಕಾಲಲ್ಲಿ ತನ್ನ ಕನೆಕ್ಷನ್ ಮಾಡಿಕೊಂಡಿರುತ್ತದೆ. ಇದು ಒಂದು ಕೋರ್‌ನ ಕತೆ. ತುಂಬಾ ಕೋರ್ ಇರುವ ಎಳೆಯನ್ನು ಎದುರುಬದುರು ಇಟ್ಟರೆ ಸಾಲದು, ತಿರುಗಿಸಿ ತಿರುಗಿಸಿ ಪ್ರತಿ ಕೋರ್‌ಗೂ ಅದರ ಜೋಡಿಯನ್ನೇ ಎದುರು ತರಬೇಕು. 19 ಜನರ ಜಾತಕ ಒಂದೇ ಮುಹೂರ್ತಕ್ಕೆ ಕೂಡಿಸುವ ಕೆಲಸ, ಅದೂ ಉಂಬಳದ ಸಾಕ್ಷಿಯಲ್ಲಿ.

ನಿಮ್ಮ ಅಸಲು ಪ್ರಶ್ನೆಗೆ ಬರುತ್ತೇನೆ. ಇದು ಮನೆಗೆ, ಅಂಗಡಿಗೆ ಬರುವ ಲೈನಲ್ಲ. ಊರೂರಿನ ನಡುವೆ, ದೇಶದೇಶದ ನಡುವೆ, ಸಮುದ್ರದಡಿ ಇರುವ ದೊಡ್ಡ ಲೈನುಗಳಿಗೆ. 100 ಎಂಬಿಪಿಎಸ್ ಮನೆಗಳ ಲೆಕ್ಕದಲ್ಲಿ ಅಂಥ ಒಂದು ಎಳೆ ಒಂದು ಕೋಟಿಗೂ ಜಾಸ್ತಿ ಮನೆಗಳಿಗೆ ಒಟ್ಟಿಗೆ ಸಾಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಮನೆಗಳು ಸುಮಾರು 1.3 ಕೋಟಿ. ಕೂದಲಿನಷ್ಟು ಗಾಜಿನಲ್ಲಿ ರಾಜ್ಯದ ಮುಕ್ಕಾಲು ಪಾಲು ಹೋಗುತ್ತದೆ ಅಂದರೆ ತಮಾಷೆಯಾ?

ಆದರೆ ನಿಮ್ಮ ಅಂಗಡಿಗೆ ಬರುವುದು ಜಿಪಾನ್ (GPON) ಲೈನ್, ಒಂದೇ ಫೈಬರನ್ನು ಹಲವು ಮನೆಗೆ ಹಂಚುವಂಥದ್ದು. ಎಕ್ಸ್‌ಚೇಂಜಿನಿಂದ ಸುಮಾರು 2.5 ಗಿಗಾಬಿಟ್ ಹೊರಟು, ಸ್ಪ್ಲಿಟರ್‌ನಲ್ಲಿ 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ಆ ಸ್ಪ್ಲಿಟರ್‌ನಿಂದ ನಿಮ್ಮವರೆಗಿನ ಕೊನೆಯ ಕಾಲು ಕಿಲೋಮೀಟರ್ ಕೇಬಲ್ ಒಂದು ಅಡಿಕೆ ಮರ, ಎರಡು ಕರೆಂಟ್ ಕಂಬ, ಒಂದು ಶಾಲೆಯ ಗೋಡೆ ಹಿಡಿದುಕೊಂಡು ಬಂದಿರುತ್ತದೆ. ಅಳಿಲು ಕಡಿಯುತ್ತದೆ, ಮಂಗ ಜೋಕಾಲಿ ಆಡುತ್ತದೆ, ಅಡಿಕೆ ಕೊನೆ ಕೊಯ್ಯುವವರ ದೋಟಿ ತಾಗುತ್ತದೆ. ಅದು ಚೂರು ಬಗ್ಗಿದರೂ ಬೆಳಕಿನ ಪವರ್ ಮೈನಸ್ 27ರ ಕೆಳಗೆ, ಡಬ್ಬಿಗೆ ಸಾಲದಷ್ಟು ಇಳಿದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಟೋಕಿಯೋದಲ್ಲಿ 19 ಕೋರ್ ಅಲ್ಲ, 1,900 ಕೋರ್ ಮಾಡಿದರೂ ಮಂಗಕ್ಕೆ ಎಲ್ಲಾ ಒಂದೇ.

ಜೆರಾಕ್ಸ್ ಅಂಗಡಿ:

ಉಂಬಳದ ಕನೆಕ್ಷನ್ನಿಗೆ ನಗುತ್ತಾ ಇದ್ದೇನೆ, ಅಂಗಡಿಯಲ್ಲಿ ಜನ ನನ್ನ ಮುಖ ನೋಡುತ್ತಿದ್ದಾರೆ. ಸ್ಪ್ಲೈಸರಣ್ಣ, ಸರ್ವರ್ ವಿಷಯ ಹೇಳಲೇ ಇಲ್ಲ. ಅರ್ಜಿಯ ಕೊನೆಯ ದಿನ ಆ ಚಕ್ರ ಸುತ್ತುವುದು ಯಾಕೆ? ಜನರಿಗೆ ‘ನಮ್ಮ ನೆಟ್ ಸರಿ ಇದೆ, ಆ ಕಡೆ ತೊಂದರೆ’ ಅಂದರೆ ನಂಬುವುದಿಲ್ಲ. ‘ಆ ಕಡೆ ಅಂದ್ರೆ ಯಾವ ಕಡೆ?’ ಅಂತ ರಸ್ತೆ ನೋಡುತ್ತಾರೆ.

ಸ್ಪ್ಲೈಸರ್ ಸಾಗರ:

ಪುಟ ಸುತ್ತುತ್ತಾ ಕೂತಾಗ ಪಕ್ಕದ ಟ್ಯಾಬಿನಲ್ಲಿ ಸ್ಪೀಡ್ ಟೆಸ್ಟ್ ಹಾಕಿ, ಸ್ಕ್ರೀನ್ ಅವರ ಕಡೆ ತಿರುಗಿಸಿ. 94 ತೋರಿಸಿದರೆ ನಿಮ್ಮ ಲೈನ್ ಪೂರ್ತಿ ಬರುತ್ತಿದೆ ಅಂತಲೇ. ಕಂಪ್ಯೂಟರಿನ ಅಥವಾ ಮೋಡೆಮ್ಮಿನ ಪೋರ್ಟ್ 100ರದ್ದಾದರೆ ಲೆಕ್ಕಕ್ಕೆ ಸಿಗುವುದು ಅಷ್ಟೇ. ನನಗೆ ಫೋನ್ ಮಾಡಿ ಉಳಿದ ಆರು ಎಂಬಿ ಯಾರು ನುಂಗಿದರು ಅಂತ ಕೇಳಬೇಡಿ. ತುಂಬಾ ಜನ ಕೇಳುತ್ತಾರೆ.

ಆ ಕಡೆ ಆಗುವುದು ಇಷ್ಟು. ಕೊನೆಯ ದಿನ ರಾಜ್ಯದ ಅಷ್ಟೂ ಜನ ಒಂದೇ ಹೊತ್ತಿಗೆ ಒಂದೇ ಕಂಪ್ಯೂಟರಿನ ಬಾಗಿಲು ಬಡಿಯುತ್ತಾರೆ. ಅದು ಪ್ರತಿಯೊಬ್ಬರ ಕಡತ ಹುಡುಕಬೇಕು, ಓಟಿಪಿ ಕಳಿಸಲು ಇನ್ನೊಂದು ಕಂಪ್ಯೂಟರಿಗೆ ಹೇಳಬೇಕು, ಹಣ ಬಂತಾ ಅಂತ ಮತ್ತೊಂದನ್ನು ಕೇಳಬೇಕು. ಮೂವರಲ್ಲಿ ಒಬ್ಬ ತೂಕಡಿಸಿದರೂ ನಿಮ್ಮ ಚಕ್ರ ಸುತ್ತುತ್ತದೆ. ಒಂದು ಪಹಣಿ ಪುಟ ಎಷ್ಟು ಕೆಬಿ ಅಂತ ನಿಮಗೇ ಗೊತ್ತು. ಅದನ್ನು ತರಲು ಪೆಟಾಬಿಟ್ ಬೇಡ, ಹಳೇ ಡಯಲ್ ಅಪ್ ಸಾಕಿತ್ತು. ಪೆಟಾಬಿಟ್ ಬಂದರೆ ಒಂದೇ ಬದಲಾವಣೆ. ‘ಸರ್ವರ್ ಬ್ಯುಸಿ, ಆಮೇಲೆ ಪ್ರಯತ್ನಿಸಿ’ ಅನ್ನುವ ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತದೆ.

ಯೊಕೊಹಾಮಾ ಕನ್ನಡಿಗ:

ಆ ದಾಖಲೆಯ ದೇಶದಿಂದ ಎರಡು ಮಾತು. ನಮ್ಮ ಅಮ್ಮ ಹಾಸನದಿಂದ ಫೋನ್ ಮಾಡಿ ‘ನಿಮ್ಮಲ್ಲಿ ಅಷ್ಟು ಸ್ಪೀಡಂತೆ, ಆದರೂ ನೀನು ವಾರಕ್ಕೊಂದೇ ಸಲ ಫೋನ್ ಮಾಡ್ತೀಯಲ್ಲ’ ಅಂದರು. ಇದಕ್ಕೆ ಎನ್‌ಐಸಿಟಿ ಹತ್ತಿರವೂ ಉತ್ತರ ಇರಲಾರದು.

ಇಲ್ಲಿ ಮನೆಗೆ 10 ಗಿಗಾಬಿಟ್ ಕನೆಕ್ಷನ್ ಸಿಗುತ್ತದೆ, ಅದು ನಿಜ. ಆದರೆ ಹಾಕಿಸಿಕೊಳ್ಳುವ ವೈಭವ ನೋಡಬೇಕು. ಮೊದಲು ಮನೆ ಮಾಲೀಕರ ಒಪ್ಪಿಗೆ. ಆಮೇಲೆ ಹೊರಗಿನ ಕೆಲಸಕ್ಕೆ ಒಂದು ದಿನ, ಒಳಗಿನ ಕೆಲಸಕ್ಕೆ ಇನ್ನೊಂದು ದಿನ. ಎರಡರ ನಡುವೆ ನನಗೆ ವಾರಗಟ್ಟಲೆ ಕಾಯುವ ಯೋಗ ಬಂತು. ಬಂದವರು ಬೂಟು ಬಿಚ್ಚಿಟ್ಟು, ನೆಲಕ್ಕೆ ಬಟ್ಟೆ ಹಾಸಿ, ಗೋಡೆಗೆ ತೂತು ಹೊಡೆಯುವ ಮೊದಲು ಕ್ಷಮೆ ಕೇಳಿದರು. ತೂತಾದ ಮೇಲೆ ಇನ್ನೊಮ್ಮೆ ಕೇಳಿದರು. ಅಷ್ಟು ಮಾಡಿ ಹಾಕಿಸಿದ 10 ಗಿಗಾಬಿಟ್ಟು ವೈಫೈನಲ್ಲಿ ನನ್ನ ಹಳೇ ಲ್ಯಾಪ್‌ಟಾಪಿಗೆ ಬರುವಾಗ 500 ಮೆಗಾಬಿಟ್ ಆಗಿರುತ್ತದೆ.

ಇನ್ನೊಂದು ಕೇಳಿ. ಸರ್ಕಾರಿ ಅರ್ಜಿಗಳನ್ನು ಫ್ಲಾಪಿಯಲ್ಲಿ ಕೊಡಬೇಕು ಅನ್ನುವ ನಿಯಮಗಳು ಇಲ್ಲಿ ಮೊನ್ನೆಮೊನ್ನೆಯವರೆಗೆ ಇದ್ದವು. ಹೌದು, ಫ್ಲಾಪಿ. ಅಂಥ 1,034 ನಿಯಮ ಕಿತ್ತುಹಾಕಿ, 2024ರ ಜೂನ್ 28ಕ್ಕೆ ಫ್ಲಾಪಿ ವಿರುದ್ಧದ ಯುದ್ಧ ಗೆದ್ದೆವು ಅಂತ ಡಿಜಿಟಲ್ ಮಂತ್ರಿ ತಾರೋ ಕೋನೋ ಘೋಷಿಸಿದರು. ಅಲ್ಲಿಂದ ಒಂದು ವರ್ಷವೂ ಆಗಿರಲಿಲ್ಲ, ಇದೇ ದೇಶ ಪೆಟಾಬಿಟ್ ದಾಖಲೆ ತೋರಿಸಿತು. ಲೆಕ್ಕದ ಮೇಷ್ಟ್ರೇ, ಒಂದು ಸೆಕೆಂಡಿನ ಮಾಲಿಗೆ ಎಷ್ಟು ಫ್ಲಾಪಿ ಬೇಕು?

ಲೆಕ್ಕದ ಮೇಷ್ಟ್ರು:

1.44 ಎಂಬಿಯ ಫ್ಲಾಪಿ ಹಿಡಿದರೆ ಎಂಟೂವರೆ ಕೋಟಿಗೂ ಜಾಸ್ತಿ. ಒಂದೊಂದೂ 3.3 ಮಿಲಿಮೀಟರ್ ದಪ್ಪ. ಜೋಡಿಸಿ ಮಲಗಿಸಿದರೆ 280 ಕಿಲೋಮೀಟರ್ ದಾಟುತ್ತದೆ. ಬೆಂಗಳೂರಿನಲ್ಲಿ ಶುರು ಮಾಡಿದರೆ ಶಿವಮೊಗ್ಗದ ಬಾಗಿಲಿಗೆ ಬಂತು. ಅಲ್ಲಿಂದ ಜೆರಾಕ್ಸ್ ಅಂಗಡಿಗೆ ಆಟೋದಲ್ಲಿ ಕಳಿಸಬಹುದು.

ಹೊಸನಗರದ ಸೊಸೆ:

ಎಲ್ಲರೂ ಮೇಲಿಂದ ಕೆಳಗೆ ಓದಿ ನಕ್ಕಿದ್ದೀರಿ, ನಾನೂ ನಕ್ಕೆ. ಆದರೆ ನಮ್ಮ ಮನೆ ಇರುವ ಕಡೆ ಫೈಬರೂ ಇಲ್ಲ, ಹಲಸಿನ ಮರದಡಿ ಎರಡು ಕಡ್ಡಿಯೂ ಇಲ್ಲ. ಕೊರೊನಾ ಹೊತ್ತಿನಲ್ಲಿ ನನ್ನ ಮೈದುನನ ಮಗಳು ಗುಡ್ಡದ ಮೇಲೆ ಪ್ಲಾಸ್ಟಿಕ್ ಹೊದೆಸಿದ ಚಪ್ಪರದಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳಿದಳು. ಮಲೆನಾಡಿನಲ್ಲಿ ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಅಂತ ಬ್ಯಾನರ್ ಕಟ್ಟಿದ್ದೂ ಆ ಸುಮಾರಿನಲ್ಲೇ ಅಲ್ವಾ? ಆ ಬ್ಯಾನರಿನ ಫೋಟೊ ಅಪ್‌ಲೋಡ್ ಮಾಡಲೂ ಪೇಟೆಗೆ ಬರಬೇಕಿತ್ತು.

ಈಗ ಟವರ್ ಬಂದಿದೆ. ಕರೆಂಟ್ ಇದ್ದರೆ ಟವರ್, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಎಷ್ಟಿರುತ್ತದೆ ಅಂತ ನಿಮಗೆ ಗೊತ್ತು. ‘ಕರೆಂಟ್ ಹೋಗಿದೆ’ ಅಂತ ಕಂಪ್ಲೇಂಟ್ ಹೇಳಲು ಫೋನ್ ಬೇಕು, ಫೋನಿಗೆ ಟವರ್ ಬೇಕು, ಟವರಿಗೆ ಕರೆಂಟ್ ಬೇಕು. ಜಪಾನಿನವರು ಈ ಸುತ್ತನ್ನು ಒಮ್ಮೆ ಬಿಡಿಸಲಿ. 86 ಕಿಲೋಮೀಟರ್ ಸುತ್ತು ಯಾರು ಬೇಕಾದರೂ ಸುತ್ತಬಹುದು.

ಜೆರಾಕ್ಸ್ ಅಂಗಡಿ:

ಅಕ್ಕಾ, ಈ ಸುತ್ತನ್ನು ಬೋರ್ಡಿಗೆ ಬರೆಸುತ್ತೇನೆ, ಒಪ್ಪಿಗೆ ಕೊಡಿ.

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಒಬ್ಬರು ಮತ್ತೆ ಅದೇ ಫಾರ್ವರ್ಡ್ ಹಿಡಿದು ಬಂದಾಗ, 19 ಕೋರ್‌ನಿಂದ ಹಿಡಿದು ಮಂಗದವರೆಗೆ ಪೂರ್ತಿ ವಿವರಿಸಿದೆ. ತಲೆಯಾಡಿಸುತ್ತಾ ಕೇಳಿದರು. ಆಮೇಲೆ ‘ಅದೆಲ್ಲ ಇರಲಿ, ಈ ಮೆಸೇಜನ್ನು ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕುವುದು ಹೇಗೆ?’ ಅಂದರು. ಹಾಕಿಕೊಟ್ಟೆ. ಸೇವಾ ಶುಲ್ಕ ತಗೊಂಡಿಲ್ಲ.

ಸ್ಪ್ಲೈಸರಣ್ಣ, ಸೊಸೆಯವರು ಕರೆಂಟ್ ಅಂದಾಗ ನೆನಪಾಯಿತು. ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್‌ನಲ್ಲಿ ಓಡುತ್ತದೆ, ಆದರೆ ಫೈಬರ್ ಡಬ್ಬಿ ಆಫ್ ಆಗುತ್ತದೆ. ಅದು ಇರುವುದು ಮೂಲೆಯಲ್ಲಿ, ಯುಪಿಎಸ್ ವೈರ್ ಅಲ್ಲಿಗೆ ಮುಟ್ಟುವುದಿಲ್ಲ. ಏನು ಮಾಡುವುದು?

ಸ್ಪ್ಲೈಸರ್ ಸಾಗರ:

ರೌಟರಿಗೆ ಅಂತಲೇ ಪುಟ್ಟ ಯುಪಿಎಸ್ ಸಿಗುತ್ತದೆ, ಅಂಗೈಯಷ್ಟು. ಡಬ್ಬಿಯ ಅಡಾಪ್ಟರ್ ಹಿಂದೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಜಾಸ್ತಿಯವು 12 ವೋಲ್ಟಿನವು. ಅದನ್ನು ಫೋಟೊ ಹೊಡೆದುಕೊಂಡು ಹೋಗಿ ಅಷ್ಟೇ ವೋಲ್ಟಿಂದು ತಗೊಳ್ಳಿ, ಆಂಪಿಯರ್ ಕಡಿಮೆ ಇರಬಾರದು. ಪಿನ್ ದಪ್ಪವೂ ನೋಡಿಕೊಳ್ಳಿ. ಗುಡುಗು ಶುರುವಾದರೆ ಗೋಡೆಯ ಪ್ಲಗ್ ಕಿತ್ತುಬಿಡಿ. ಗಾಜಿನ ಎಳೆಗೆ ಸಿಡಿಲಿನ ಭಯ ಇಲ್ಲ, ಸಾಯುವುದು ಅಡಾಪ್ಟರ್. ಕಳೆದ ವಾರದ ಒಂದೇ ಗುಡುಗಿಗೆ ನಮ್ಮ ಕಡೆ ಸಾಲಾಗಿ ಮಲಗಿವೆ, ನನ್ನ ಹತ್ತಿರ ಸ್ಟಾಕ್ ಖಾಲಿ. ಹಾಗಾಗಿ ಸುಟ್ಟರೆ ಸೋಮವಾರದವರೆಗೆ ಫೋನ್ ಮಾಡಬೇಡಿ.